ಸಾವಿರ ದೇವರ ಸಾಕ್ಷಿ

ನ್ಯೂಯಾರ್ಕಿನ ವಿಶ್ವಸಂಸ್ಥೆ ಕಟ್ಟಡದಲ್ಲಿ ತಾಮ್ರದ ಫಲಕವೊಂದಿದೆ. 1970ರಲ್ಲಿ ಟರ್ಕಿ ದೇಶ ಕೊಟ್ಟಿದ್ದು. ಮೂರು ಸಾವಿರ ವರ್ಷಕ್ಕೂ ಹಳೆಯ ಮಣ್ಣಿನ ಹಲಗೆಯೊಂದರ ದೊಡ್ಡ ನಕಲು ಅದು. ಈಜಿಪ್ಟಿನ ಎರಡನೇ ರಾಮ್ಸೆಸ್‌ಗೂ, ಈಗಿನ ಟರ್ಕಿಯ ನಡುಭಾಗದಲ್ಲಿ ಆಳುತ್ತಿದ್ದ ಹಿಟ್ಟೈಟರ ದೊರೆ ಮೂರನೇ ಹಟ್ಟುಸಿಲಿಗೂ ಕ್ರಿ.ಪೂ. 1259ರಲ್ಲಿ ಆದ ಒಪ್ಪಂದ. ಜಗತ್ತಿನ ಮೊಟ್ಟಮೊದಲ ಶಾಂತಿ ಒಪ್ಪಂದ ಅಂತ ಕ್ವಿಜ್ ಪುಸ್ತಕಗಳು ಬರೆಯುತ್ತವೆ. ಹಾಗೇನಿಲ್ಲ, ಅದಕ್ಕಿಂತ ಹಳೆಯವು ಸಿಕ್ಕಿವೆ. ಇದರ ವಿಶೇಷ ಏನಪ್ಪ ಅಂದರೆ, ಎರಡೂ ಕಡೆಯವರ ಪ್ರತಿಗಳು ಉಳಿದು ನಮ್ಮ ಕೈಗೆ ಸಿಕ್ಕಿರುವುದು. ಒಂದು ಈಜಿಪ್ಟಿನ ಕಾರ್ನಾಕ್ ದೇವಸ್ಥಾನದ ಗೋಡೆಯ ಮೇಲೆ ಚಿತ್ರಲಿಪಿಯಲ್ಲಿ. ಇನ್ನೊಂದು ಹಿಟ್ಟೈಟರ ರಾಜಧಾನಿ ಹಟ್ಟುಸದ ಪಾಳಿನಲ್ಲಿ, 1906ರ ಉತ್ಖನನದಲ್ಲಿ ಸಿಕ್ಕ ಮಣ್ಣಿನ ಹಲಗೆಗಳ ಮೇಲೆ, ಆಗಿನ ರಾಜತಾಂತ್ರಿಕ ಭಾಷೆಯಾದ ಅಕ್ಕಾಡಿಯನ್ನಿನಲ್ಲಿ. ಅಸಲು ಪ್ರತಿ ಬೆಳ್ಳಿಯ ತಗಡಿನ ಮೇಲಿತ್ತಂತೆ. ಬೆಳ್ಳಿ ಅಲ್ಲವೇ, ಯಾರೋ ಎಂದೋ ಕರಗಿಸಿಕೊಂಡಿರುತ್ತಾರೆ. ಮಣ್ಣು ಯಾರಿಗೂ ಬೇಡವಾಗಿತ್ತು, ಉಳಿಯಿತು.

ನಾನು ಆ ಮಣ್ಣಿನ ಹಲಗೆಯನ್ನು ನೋಡಿದ್ದು ಇಸ್ತಾಂಬುಲಿನ ಮ್ಯೂಸಿಯಮ್ಮಿನಲ್ಲಿ. ಕಂಪನಿ ಕೆಲಸದ ಮೇಲೆ ಹೋದವನಿಗೆ ಶನಿವಾರ, ಭಾನುವಾರ ಖಾಲಿ ಸಿಕ್ಕಿತ್ತು. ಜೊತೆಯವರು ಬಜಾರಿಗೆ ಹೋದರು. ನಾನು ಗಾಜಿನ ಪೆಟ್ಟಿಗೆಯ ಮುಂದೆ ನಿಂತೆ. ನೋಡೋದಕ್ಕೆ ಏನೇನೂ ಇಲ್ಲ ಅನ್ನಿ. ಒಡೆದು ಅಂಟಿಸಿದ, ಬಿಸ್ಕತ್ತಿನ ಬಣ್ಣದ ತುಂಡು. ಅದರ ತುಂಬಾ ಕೋಳಿ ಕೆದಕಿದ ಹಾಗೆ ಮೊಳೆ ಗುರುತು. ಆದರೆ ಪಕ್ಕದಲ್ಲಿ ಹಾಕಿದ್ದ ಒಕ್ಕಣೆಯ ಸಾರಾಂಶ ಓದುತ್ತಾ ಹೋದ ಹಾಗೆ ನನಗೆ ನಗು ಬಂತು. ಯಾಕಂದ್ರೆ ಈ ಭಾಷೆ ನನಗೆ ಗೊತ್ತಿತ್ತು.

ನಮ್ಮಪ್ಪ ಪತ್ರ ಬರಹಗಾರರು. ತಾಲ್ಲೂಕು ಕೇಂದ್ರದ ಸಬ್‌ರಿಜಿಸ್ಟ್ರಾರ್ ಕಚೇರಿ ಎದುರಿನ ಹೊಂಗೆ ಮರದ ಕೆಳಗೆ ಒಂದು ಇಳಿಜಾರು ಮೇಜು, ಒಂದು ಬೆಂಚು, ತಗಡಿನ ಪೆಟ್ಟಿಗೆ. ಕ್ರಯಪತ್ರ, ಭೋಗ್ಯಪತ್ರ, ಪಾಲುಪಟ್ಟಿ, ಹಕ್ಕು ಬಿಡುಗಡೆ ಪತ್ರ, ಮರಣಶಾಸನ. ಮೂವತ್ತೆಂಟು ವರ್ಷ ಅದೇ ಮರ, ಅದೇ ಮೇಜು. ಕಂಪ್ಯೂಟರ್ ಬಂದಮೇಲೂ ಸುತ್ತಮುತ್ತಲ ಹಳ್ಳಿಯವರು, ನೀವು ಕೈಯಲ್ಲೇ ಬರೆದುಕೊಡಿ ಸ್ವಾಮಿ, ಆಮೇಲೆ ಟೈಪು ಮಾಡಿಸೋಣ ಅಂತ ಬರೋರು. ಅಪ್ಪನ ಅಕ್ಷರ ಅಷ್ಟು ಚೆಂದ. ಶಾಲೆ ರಜೆಯಲ್ಲಿ ಆ ಬೆಂಚಿನ ಮೇಲೆ ಕೂತು ನಾನು ಕೇಳಿಸಿಕೊಂಡಿದ್ದೆಲ್ಲ ಚಕ್ಕುಬಂದಿಗಳು. ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಸರ್ಕಾರಿ ಹಳ್ಳ, ಉತ್ತರಕ್ಕೆ ಬಂಡಿದಾರಿ. ನನ್ನ ಸ್ವಂತ ಇಚ್ಛೆಯಿಂದ, ಯಾರ ಬಲವಂತವೂ ಇಲ್ಲದೆ. ನಾನಾಗಲಿ ನನ್ನ ವಾರಸುದಾರರಾಗಲಿ ಮುಂದೆ ಯಾವುದೇ ತಂಟೆ ತಕರಾರು ಮಾಡತಕ್ಕದ್ದಲ್ಲ. ಕೊನೆಗೆ ಸಾಕ್ಷಿಗಳು, ಅದರ ಕೆಳಗೆ ಬಿಕ್ಕಲಂ, ಅಂದರೆ ಇಂಥವರ ಕೈಬರಹ ಅಂತ ಅಪ್ಪನ ರುಜು.

ಹಟ್ಟುಸಿಲಿಯ ಪತ್ರವೂ ಇದೇ ಧಾಟಿ. ಮೊದಲು ಯಾರು ಯಾರಿಗೆ, ಅವರ ಅಪ್ಪ ಯಾರು, ಅಜ್ಜ ಯಾರು. ಆಮೇಲೆ ಹಿಂದೆ ಏನಾಗಿತ್ತು ಅನ್ನೋ ಪೀಠಿಕೆ. ಆಮೇಲೆ ಷರತ್ತು: ನಿನ್ನ ನೆಲಕ್ಕೆ ನಾನು ಬರೋದಿಲ್ಲ, ನನ್ನ ನೆಲಕ್ಕೆ ನೀನು ಬರಬೇಡ, ನಿನ್ನ ಮೇಲೆ ಬೇರೆಯವರು ಬಿದ್ದರೆ ನಾನು ಸೈನ್ಯ ಕಳಿಸ್ತೀನಿ, ನನ್ನ ಮೇಲೆ ಬಿದ್ದರೆ ನೀನು ಕಳಿಸು, ಓಡಿಬಂದವರನ್ನು ಪರಸ್ಪರ ಒಪ್ಪಿಸೋಣ. ಕೊನೆಗೆ ಸಾಕ್ಷಿಗಳು. ಇಲ್ಲಿ ಮಾತ್ರ ಅಪ್ಪನ ಕಕ್ಷಿದಾರರಿಗಿಂತ ಅವರದ್ದು ಭಾರಿ ಕೈ. ಹಿಟ್ಟೈಟರ ಕಡೆಯಿಂದ ಸಾವಿರ ದೇವರು, ಈಜಿಪ್ಟಿನ ಕಡೆಯಿಂದ ಸಾವಿರ ದೇವರು. ಸಾಲದು ಅಂತ ಬೆಟ್ಟ, ಹೊಳೆ, ಆಕಾಶ, ಭೂಮಿ, ಸಮುದ್ರ, ಗಾಳಿ, ಮೋಡ. ಮಾತಿಗೆ ತಪ್ಪಿದವನ ಮನೆ, ನೆಲ, ಆಳುಕಾಳು ಎಲ್ಲ ನಾಶವಾಗಲಿ ಅಂತ ಶಾಪ. ನಮ್ಮ ಊರಿನ ಹನುಮಂತ ದೇವರ ಗುಡಿ ಹಿಂದೆ ಬಿದ್ದಿರುವ ದಾನಶಾಸನದ ಕೊನೆಯಲ್ಲೂ ಇಂಥದ್ದೇ ಇದೆ, ವಾರಣಾಸಿಯಲ್ಲಿ ಸಾವಿರ ಕವಿಲೆಗಳನ್ನು ಕೊಂದ ಪಾಪ ತಟ್ಟುತ್ತೆ ಅಂತ. ಪತ್ರ ಬರೆಯುವವರಿಗೆಲ್ಲ ಒಂದೇ ಚಿಂತೆ ನೋಡಿ. ಇವತ್ತು ಒಪ್ಪಿದವನು ನಾಳೆ ಒಪ್ಪಬೇಕಲ್ಲ?

ಆ ರಾತ್ರಿ ಹೋಟೆಲಿನಿಂದ ಅಪ್ಪನಿಗೆ ಫೋನು ಮಾಡಿ ಇದನ್ನೆಲ್ಲ ಹೇಳಿದೆ. ಅಪ್ಪನಿಗೆ ರಾಮ್ಸೆಸ್ಸೂ ಗೊತ್ತಿಲ್ಲ, ಹಟ್ಟುಸಿಲಿಯೂ ಗೊತ್ತಿಲ್ಲ. ಎಲ್ಲ ಕೇಳಿಕೊಂಡು, "ಸಹಿ ಹಾಕಿದೋರನ್ನ ಬಿಡು ಮಾರಾಯ. ಯಾರ ಹೆಸರು ಇರಬೇಕಾಗಿತ್ತು, ಇಲ್ಲ, ಅದನ್ನ ನೋಡು. ಪತ್ರ ಹುಟ್ಟಿರೋದೇ ಅವನಿಂದ" ಅಂದರು. ಬೆಂಚಿನ ಮೇಲೆ ಕೂತಾಗಲೂ ಇದೇ ಮಾತನ್ನು ಎಷ್ಟೋ ಸಲ ಹೇಳಿದ್ದರು. ಯಾವ ಪಾಲುಪಟ್ಟಿ ಕೈಗೆ ಬಂದರೂ ಅವರು ಮೊದಲು ಕೇಳುತ್ತಿದ್ದುದು ವಂಶವೃಕ್ಷ. ಇದ್ದವರ ಹೆಸರು ಓದಿಕೊಂಡು ಇಲ್ಲದವರನ್ನು ಹುಡುಕೋರು.

ಹುಡುಕಿದೆ. ಸಿಕ್ಕಿದ. ಅವನ ಹೆಸರು ಉರ್ಹಿ-ತೆಶುಬ್.

ಕತೆ ಹೀಗಿದೆ. ಹಟ್ಟುಸಿಲಿಗೆ ಒಬ್ಬ ಅಣ್ಣ, ಮುವತಾಲಿ. ಅವನು ದೊರೆ. ರಾಮ್ಸೆಸ್‌ನ ಜೊತೆ ಕ್ರಿ.ಪೂ. 1274ರಲ್ಲಿ, ಈಗಿನ ಸಿರಿಯಾದ ಕಾದೇಶ್ ಎಂಬಲ್ಲಿ ರಥಯುದ್ಧ ಮಾಡಿದ್ದು ಇವನೇ. ಆ ಯುದ್ಧದ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ, ನಾನು ಬರೆಯಲ್ಲ. ರಾಮ್ಸೆಸ್ ತಾನೇ ಗೆದ್ದೆ ಅಂತ ಸಿಕ್ಕಸಿಕ್ಕ ಗುಡಿಗಳ ಗೋಡೆ ಮೇಲೆ ಕೆತ್ತಿಸಿಕೊಂಡ. ಕಾದೇಶ್ ಮಾತ್ರ ಹಿಟ್ಟೈಟರ ಕೈಯಲ್ಲೇ ಉಳಿಯಿತು. ಅಷ್ಟು ಸಾಕು. ಹಟ್ಟುಸಿಲಿಯೂ ಆ ಯುದ್ಧದಲ್ಲಿ ಅಣ್ಣನ ಪರ ದಂಡು ಕಟ್ಟಿಕೊಂಡು ಹೋಗಿದ್ದ. ಬರುವಾಗ ದಾರಿಯಲ್ಲಿ ಒಬ್ಬ ಪೂಜಾರಿಯ ಮಗಳು ಪುದುಹೆಪಳನ್ನು ಮದುವೆ ಮಾಡಿಕೊಂಡು ಬಂದ. ಈ ಹೆಂಗಸನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತಾಳೆ.

ಯುದ್ಧವಾಗಿ ಕೆಲವೇ ವರ್ಷಗಳಲ್ಲಿ ಮುವತಾಲಿ ತೀರಿಕೊಂಡ. ಪಟ್ಟದರಾಣಿಯಲ್ಲಿ ಗಂಡು ಮಕ್ಕಳಿರಲಿಲ್ಲ. ಎರಡನೇ ದರ್ಜೆಯ ಹೆಂಡತಿಯ ಮಗ ಉರ್ಹಿ-ತೆಶುಬ್ ದೊರೆಯಾದ. ಇದರಲ್ಲಿ ಅಡ್ಡದಾರಿ ಏನೂ ಇರಲಿಲ್ಲ. ಇದಕ್ಕೂ ಎರಡು ಶತಮಾನಕ್ಕಿಂತ ಹಿಂದೆಯೇ ತೆಲಿಪಿನು ಎಂಬ ಹಿಟ್ಟೈಟ್ ದೊರೆ, ರಾಜಮನೆತನದಲ್ಲಿ ಒಬ್ಬರನ್ನೊಬ್ಬರು ಕೊಂದುಕೊಂಡಿದ್ದನ್ನೆಲ್ಲ ಪಟ್ಟಿ ಮಾಡಿ, ಇನ್ನು ಸಾಕು ಅಂತ ಒಂದು ಕಟ್ಟಳೆ ಬರೆಸಿದ್ದ. ಮೊದಲ ದರ್ಜೆಯ ಮಗ ಇದ್ದರೆ ಅವನು. ಇಲ್ಲದಿದ್ದರೆ ಎರಡನೇ ದರ್ಜೆಯ ಮಗ. ಅವನೂ ಇಲ್ಲದಿದ್ದರೆ ಮೊದಲ ದರ್ಜೆಯ ಮಗಳಿಗೆ ಗಂಡನನ್ನು ತಂದು ಅವನಿಗೆ ಪಟ್ಟ. ತಮ್ಮ ಅನ್ನೋ ಮಾತೇ ಅದರಲ್ಲಿಲ್ಲ. ಕಾನೂನು ಹುಡುಗನ ಕಡೆಗಿತ್ತು. ಚಿಕ್ಕಪ್ಪನ ಕಡೆ ಇದ್ದದ್ದು ಸೈನ್ಯ, ಅನುಭವ, ಉತ್ತರದ ಹಕ್ಪಿಸ್ ಸೀಮೆಯ ಆಡಳಿತ.

ಏಳು ವರ್ಷ ಆದಮೇಲೆ ಚಿಕ್ಕಪ್ಪ ಅಣ್ಣನ ಮಗನನ್ನು ಇಳಿಸಿ ತಾನು ಕೂತ. ಇಳಿಸಿದ್ದು ಯಾಕೆ ಅಂತ ಅವನೇ ಒಂದು ದೊಡ್ಡ ಕಥನ ಬರೆಸಿದ್ದಾನೆ. ಅದೂ ಉಳಿದಿದೆ. ವಿದ್ವಾಂಸರು ಅದನ್ನು ಹಟ್ಟುಸಿಲಿಯ ಸಮರ್ಥನೆ ಅಂತ ಕರೆಯುತ್ತಾರೆ. ಇಂಗ್ಲಿಷ್ ಅನುವಾದವನ್ನು ಹುಡುಕಿ ಓದಿದೆ. ನಾನು ಇಷ್ಟು ಹಳೆಯದನ್ನು ಇಷ್ಟು ಹತ್ತಿರದ್ದು ಅನ್ನಿಸುವ ಹಾಗೆ ಓದಿದ್ದು ಕಮ್ಮಿ.

ಅದು ಚಿಕ್ಕಂದಿನಿಂದ ಶುರುವಾಗುತ್ತೆ. ನಾನು ಕಡೆಯ ಮಗ, ರೋಗಿಷ್ಟ, ಬದುಕೋದೇ ಅನುಮಾನ ಇತ್ತು. ಇಷ್ಟಾರ್ ದೇವತೆ ಅಣ್ಣನ ರೂಪದಲ್ಲಿ ಅಪ್ಪನ ಕನಸಿಗೆ ಬಂದು, ಈ ಹುಡುಗನನ್ನು ನನ್ನ ಸೇವೆಗೆ ಕೊಡು, ಬದುಕುತ್ತಾನೆ ಅಂದಳು. ಕೊಟ್ಟರು, ಬದುಕಿದೆ. ಮುಂದೆ ಅಣ್ಣ ನನ್ನನ್ನು ನಂಬಿ ಸೀಮೆ ಕೊಟ್ಟ. ಹೊಟ್ಟೆಕಿಚ್ಚಿನವರು ಚಾಡಿ ಹೇಳಿದರು. ನಾನು ಜಗ್ಗಲಿಲ್ಲ. ಅಣ್ಣ ಸತ್ತಾಗ ಅವನ ಮೇಲಿನ ಗೌರವಕ್ಕೆ ನಾನೇ ಅಣ್ಣನ ಮಗನನ್ನು ಪಟ್ಟಕ್ಕೆ ಕೂರಿಸಿದೆ. ಅವನು ನನ್ನ ಊರುಗಳನ್ನು ಒಂದೊಂದಾಗಿ ಕಿತ್ತುಕೊಂಡ, ಏಳು ವರ್ಷ ಸಹಿಸಿದೆ. ಕಡೆಗೆ ಹಕ್ಪಿಸ್, ನೆರಿಕ್ ಎರಡನ್ನೂ ಕಿತ್ತುಕೊಂಡಾಗ ತಡೆಯಲಾಗಲಿಲ್ಲ. ಆಗಲೂ ಮೋಸದಿಂದ ಕೊಲ್ಲಲಿಲ್ಲ, ದೂತನನ್ನು ಕಳಿಸಿ, ಬಾ, ದೇವರ ಮುಂದೆ ತೀರ್ಮಾನ ಆಗಲಿ ಅಂತ ಸವಾಲು ಹಾಕಿದೆ. ಹಾಗಾದರೆ ಮೊದಲು ಕೂರಿಸಿದ್ದು ಯಾಕೆ ಅಂತ ಯಾರಾದರೂ ಕೇಳಿದರೆ ಅದಕ್ಕೂ ಉತ್ತರ ತಯಾರಿದೆ: ಅವನು ನನ್ನ ತಂಟೆಗೆ ಬಾರದೇ ಇದ್ದಿದ್ದರೆ ದೇವರು ಮಹಾರಾಜನೊಬ್ಬ ಸಣ್ಣ ರಾಜನ ಕೈಲಿ ಸೋಲುವ ಹಾಗೆ ಮಾಡುತ್ತಿದ್ದರೇ? ಅಂದರೆ ಗೆದ್ದದ್ದೇ ರುಜುವಾತು. ಸಮುಹ ಎಂಬ ಊರಿನಲ್ಲಿ ಅಣ್ಣನ ಮಗನನ್ನು ಮುತ್ತಿಗೆ ಹಾಕಿ ಹಿಡಿದದ್ದನ್ನು, ಹಂದಿಯನ್ನು ಗೂಡಿನಲ್ಲಿ ಹಾಕಿದ ಹಾಗೆ ಅಂತ ಹೇಳಿಕೊಳ್ಳುತ್ತಾನೆ. ಅಷ್ಟು ಹೊತ್ತಿನ ತಾಳ್ಮೆ ಈ ಒಂದು ಹೋಲಿಕೆಯಲ್ಲಿ ಜಾರಿಬಿಡುತ್ತೆ.

ಈ ಇಡೀ ಬರಹ ಕೊನೆಯಲ್ಲಿ ಏನಾಗಿ ಮುಗಿಯುತ್ತೆ ಗೊತ್ತಾ? ದಾನಪತ್ರವಾಗಿ. ಹಿಂದೆ ಚಾಡಿ ಹೇಳಿದ್ದ ನೆಂಟನೊಬ್ಬನಿಂದ ಕಸಿದುಕೊಂಡ ಆಸ್ತಿಯನ್ನು ಇಷ್ಟಾರ್ ದೇವತೆಗೆ ಬಿಟ್ಟುಕೊಟ್ಟಿದ್ದೇನೆ, ನನ್ನ ಮಗ ತುಧಾಲಿಯ ಅದರ ಪೂಜೆ ನೋಡಿಕೊಳ್ಳತಕ್ಕದ್ದು ಅಂತ. ನಾಲ್ಕು ಸಾಲಿನ ದಾನಕ್ಕೆ ನೂರಾರು ಸಾಲಿನ ಪೀಠಿಕೆ. ಹಕ್ಕು ಇದ್ದವರ ಪತ್ರ ಒಂದೂವರೆ ಪುಟಕ್ಕೆ ಮುಗಿದುಹೋಗುತ್ತೆ ಅಂತ ಅಪ್ಪ ಹೇಳುತ್ತಿದ್ದುದು ನೆನಪಾಯಿತು.

ಈಗ ಆ ಶಾಂತಿ ಒಪ್ಪಂದಕ್ಕೆ ಬನ್ನಿ. ಅದರ ಪೀಠಿಕೆಯಲ್ಲಿ ಅಣ್ಣ ಮುವತಾಲಿ ಇದ್ದಾನೆ, ಅವನು ರಾಮ್ಸೆಸ್ ಜೊತೆ ಕಾದಾಡಿದ ಅಂತಲೂ ಇದೆ. ಅವನು ತೀರಿಕೊಂಡ, ಹಟ್ಟುಸಿಲಿ ಅಪ್ಪನ ಸಿಂಹಾಸನದ ಮೇಲೆ ಕೂತ, ಅಷ್ಟೇ. ನಡುವಿನ ಏಳು ವರ್ಷ ಇಲ್ಲ. ಹುಡುಗ ಇಲ್ಲ. ಇಲ್ಲದವನಿಗಾಗಿ ಎಷ್ಟೊಂದು ಷರತ್ತು ಬರೆದಿದ್ದಾರೆ ಅಂತ ನೋಡಿದರೆ ಮಾತ್ರ ಅವನು ಪತ್ರದ ತುಂಬಾ ಕಾಣಿಸುತ್ತಾನೆ. ಹಟ್ಟುಸಿಲಿಯ ನಂತರ ಅವನ ಮಗನೇ ದೊರೆಯಾಗತಕ್ಕದ್ದು, ಹಿಟ್ಟೈಟ್ ಜನ ಅವನಿಗೆ ಎದುರು ಬಿದ್ದರೆ ರಾಮ್ಸೆಸ್ ದಂಡು ಕಳಿಸತಕ್ಕದ್ದು ಅಂತ ಒಂದು ಷರತ್ತಿದೆ. ರಾಮ್ಸೆಸ್‌ನ ಮಗನ ಬಗ್ಗೆ ಅಂಥ ಮಾತಿಲ್ಲ. ಅವನಿಗೆ ಬೇಕಾಗಿರಲಿಲ್ಲ, ಅವನ ಮನೆಯಲ್ಲಿ ಆ ತಕರಾರಿರಲಿಲ್ಲ. ಓಡಿಬಂದ ದೊಡ್ಡ ಮನುಷ್ಯರನ್ನು ಹಿಂದಕ್ಕೆ ಒಪ್ಪಿಸಬೇಕು ಅನ್ನುವುದು ಇನ್ನೊಂದು. ಒಪ್ಪಿಸಿದವರ ಕಣ್ಣು, ಕಿವಿ, ಬಾಯಿ, ಕಾಲಿಗೆ ಹಾನಿ ಮಾಡತಕ್ಕದ್ದಲ್ಲ, ಅವರ ಮನೆ ಹೆಂಡತಿ ಮಕ್ಕಳನ್ನು ಮುಟ್ಟತಕ್ಕದ್ದಲ್ಲ ಅಂತ ಅದಕ್ಕೊಂದು ಬಾಲ.

ಅಸಿರಿಯಾ ಬಲಿಯುತ್ತಿತ್ತು, ಅದಕ್ಕೇ ಇಬ್ಬರೂ ಕೈ ಜೋಡಿಸಿದರು ಅಂತ ಪಾಠದ ಪುಸ್ತಕಗಳು ಹೇಳುವುದು ನಿಜವೇ. ಆದರೆ ಅದೇ ಅಸಿರಿಯಾದ ದೊರೆಗೆ ಹಟ್ಟುಸಿಲಿ ಬರೆದ ಕಾಗದವೊಂದಿದೆ. ನಾನು ಪಟ್ಟಕ್ಕೆ ಬಂದಾಗ ನೀನು ದೂತನನ್ನು ಕಳಿಸಲಿಲ್ಲ, ರಾಜರು ರಾಜರಿಗೆ ಕಳಿಸುವ ಉಡುಪು, ಅಭಿಷೇಕದ ಎಣ್ಣೆ ಏನೂ ಬರಲಿಲ್ಲ ಅಂತ ಅದರಲ್ಲಿ ದೂರಿಕೊಳ್ಳುತ್ತಾನೆ. ಗೃಹಪ್ರವೇಶಕ್ಕೆ ನೆಂಟರು ಬರಲಿಲ್ಲ ಅನ್ನೋ ದುಃಖ ಇದು. ಮನೆಯೊಳಗೆ ಯಾರೂ ಕೊಡಲಾಗದ ಒಪ್ಪಿಗೆಯನ್ನು ಅವನು ಹೊರಗಿನವರ ಹತ್ತಿರ ಕೇಳಿಕೊಂಡು ಓಡಾಡುತ್ತಿದ್ದ. ಹದಿನೈದು ವರ್ಷದ ಹಿಂದೆ ಯಾರ ಮೇಲೆ ರಥ ಹಾರಿಸಿದ್ದನೋ ಅವನೇ ಈಗ ಅಣ್ಣ ತಮ್ಮ ಅಂತ ಕರೆದು ರುಜು ಹಾಕಿಕೊಟ್ಟ. ಬೆಳ್ಳಿ ತಗಡಿನ ಒಂದು ಬದಿಗೆ ಮಳೆದೇವರು ಹಟ್ಟುಸಿಲಿಯನ್ನು ತಬ್ಬಿಕೊಂಡ ಮುದ್ರೆ, ಇನ್ನೊಂದು ಬದಿಗೆ ದೇವಿ ಪುದುಹೆಪಳನ್ನು ತಬ್ಬಿಕೊಂಡ ಮುದ್ರೆ.

ಅಣ್ಣನ ಮಗ ಏನಾದ? ಚಿಕ್ಕಪ್ಪ ಅವನನ್ನು ಕೊಲ್ಲಲಿಲ್ಲ. ಸಿರಿಯಾ ಕಡೆಯ ನುಹಶ್ಶೆ ಸೀಮೆಯಲ್ಲಿ ಕೋಟೆಯೂರುಗಳನ್ನು ಕೊಟ್ಟು ಇಟ್ಟಿದ್ದ. ಅಲ್ಲಿಂದ ಬ್ಯಾಬಿಲೋನಿನ ಜೊತೆ ಸಂಚು ಮಾಡಿದ ಅಂತ ಬೇರೆ ಕಡೆ ಸಾಗಹಾಕಿದ. ಕಡೆಗೆ ಅವನು ಹೋಗಿ ಸೇರಿದ್ದು ಎಲ್ಲಿಗೆ ಅಂದರೆ ರಾಮ್ಸೆಸ್‌ನ ಈಜಿಪ್ಟಿಗೆ! ಪುದುಹೆಪ ರಾಮ್ಸೆಸ್‌ಗೆ ಬರೆದ ಒಂದು ಕಾಗದದಲ್ಲಿ ಅವನ ಹೆಸರು ಬರುತ್ತೆ. ಸಂದರ್ಭ ಮಜವಾಗಿದೆ. ಹಿಟ್ಟೈಟ್ ರಾಜಕುಮಾರಿಯನ್ನು ರಾಮ್ಸೆಸ್‌ಗೆ ಕೊಡುವುದು ಅಂತ ಮಾತಾಗಿ, ಹುಡುಗಿಯನ್ನು ಕಳಿಸಲು ತಡವಾಗಿ, ಗಂಡಿನ ಕಡೆಯಿಂದ ತಕರಾರು ಬಂದಿತ್ತು. ಪುದುಹೆಪಳ ಉತ್ತರ ಓದಿದರೆ ನಮ್ಮ ಕಡೆಯ ಯಾವುದೇ ಗಟ್ಟಿಗಿತ್ತಿ ಬೀಗಿತ್ತಿಯ ಮಾತು ಕೇಳಿದ ಹಾಗಾಗುತ್ತೆ. ನಮ್ಮ ಭಂಡಾರದ ಮನೆ ಸುಟ್ಟಿತ್ತು, ಉಳಿದದ್ದನ್ನು ಉರ್ಹಿ-ತೆಶುಬ್ ದೇವರಿಗೆ ಕೊಟ್ಟುಬಿಟ್ಟ, ಅವನು ನಿಮ್ಮಲ್ಲೇ ಇದ್ದಾನಲ್ಲ, ಹೌದೋ ಅಲ್ಲವೋ ಅವನನ್ನೇ ಕೇಳಿ ಅನ್ನುತ್ತಾಳೆ. ಎಲ್ಲ ಇರುವ ನೀನು ನನ್ನಿಂದ ಸಿರಿವಂತನಾಗಬೇಕೇ, ಇದು ನಿನಗೆ ಶೋಭೆಯೇ ಅಂತಲೂ ಕೇಳುತ್ತಾಳೆ. ಗಂಡ ಒಪ್ಪಂದದಲ್ಲಿ ಬರೆಸದೆ ಬಿಟ್ಟ ಹೆಸರನ್ನು ಈಕೆ ವರದಕ್ಷಿಣೆಯ ಲೆಕ್ಕಕ್ಕೆ ಸಾಕ್ಷಿಯಾಗಿ ಕರೆದಳು! ನನಗೆ ಇಡೀ ಕತೆಯಲ್ಲಿ ಅತಿ ಇಷ್ಟವಾದವಳು ಇವಳೇ.

ಅಪ್ಪ ಹೋಗಿ ಈಗ ಆರು ವರ್ಷ. ಅವರ ತಗಡಿನ ಪೆಟ್ಟಿಗೆ ನಾನು ತೆಗೆದದ್ದು ತಿಥಿಯ ನಂತರ. ಊರವರ ಪತ್ರದ ಕರಡುಗಳ ಅಡಿಯಲ್ಲಿ ನಮ್ಮ ಮನೆಯದೇ ಒಂದಿತ್ತು. 1986ರ ಹಕ್ಕು ಬಿಡುಗಡೆ ಪತ್ರ. ಬರೆದುಕೊಟ್ಟವನು ನಮ್ಮ ದೊಡ್ಡಪ್ಪನ ಮಗ, ನಾನು ಅಣ್ಣ ಅಂತ ಕರೆಯುವವನು. ದೊಡ್ಡಪ್ಪ ತೀರಿಕೊಂಡಾಗ ಅವನಿಗೆ 4 ವರ್ಷ, ಮರುವರ್ಷ ದೊಡ್ಡಮ್ಮನೂ ಹೋದರು. ನಮ್ಮ ಮನೆಯಲ್ಲೇ ಬೆಳೆದ. ನನಗೆ ಸೈಕಲ್ ಕಲಿಸಿದವನು, ಈಜು ಕಲಿಸಿದವನು ಅವನೇ. ಇಪ್ಪತ್ತು ತುಂಬಿದ ವರ್ಷ ಹುಬ್ಬಳ್ಳಿಗೆ ಹೋಗಿ ಗ್ಯಾರೇಜು ಸೇರಿದ, ಈಗ ಸ್ವಂತ ಲೇತ್ ಅಂಗಡಿ ಇದೆ. ಹೋಗುವ ಮುಂಚೆ ತನ್ನ ತಂದೆಯ ಪಾಲಿನ 4 ಎಕರೆ 12 ಗುಂಟೆಯ ಹಕ್ಕನ್ನು 8,000 ರೂಪಾಯಿ ಪಡೆದು ಚಿಕ್ಕಪ್ಪನಿಗೆ ಬಿಟ್ಟುಕೊಟ್ಟಿದ್ದ.

ಬಿಡುಗಡೆ ಪತ್ರಕ್ಕೆ ಎರಡು ಪುಟ ಬೇಕು, ಜಾಸ್ತಿ ಅಂದರೆ ಮೂರು. ಇದು ಆರು ಪುಟ ಇತ್ತು. ಅಪ್ಪನ ಅದೇ ಮುದ್ದಾದ ಅಕ್ಷರ. ಬರೆದುಕೊಡುವವನ ಬಾಯಲ್ಲಿ ಹೇಳಿಸಿದ ಹಾಗೆ ಎಲ್ಲ ಇತ್ತು. ತಂದೆತಾಯಿ ಇಲ್ಲದ ನನ್ನನ್ನು ತಾವು ಮಗನಂತೆ ಸಾಕಿದ್ದು, ಹೈಸ್ಕೂಲು ಫೀಜು ಕಟ್ಟಿದ್ದು, ಕಾಮಾಲೆಯಾದಾಗ ದಾವಣಗೆರೆಗೆ ಕರೆದೊಯ್ದು ತೋರಿಸಿದ್ದು, ಸೈಕಲ್ ಕೊಡಿಸಿದ್ದು, ಅದರ ಬೆಲೆ ಸಮೇತ. ಒಂದೂ ಸುಳ್ಳಲ್ಲ. ಅಮ್ಮ ರಾತ್ರಿಯಿಡೀ ಅಣ್ಣನ ತಲೆಗೆ ತಣ್ಣೀರು ಬಟ್ಟೆ ಹಾಕುತ್ತಾ ಕೂತಿದ್ದು ನನಗೇ ನೆನಪಿದೆ. ಅಪ್ಪ ಅವನನ್ನು ಪ್ರೀತಿಸುತ್ತಿದ್ದರು ಅನ್ನೋದರಲ್ಲಿ ನನಗೆ ಅನುಮಾನ ಇಲ್ಲ. ಅವತ್ತು ನಮಗೆ ಬ್ಯಾಂಕಿನ ಸಾಲ ಇತ್ತು, ಅಕ್ಕನ ಮದುವೆ ಇತ್ತು, ಬಾವಿ ಬತ್ತಿತ್ತು. ಇದೆಲ್ಲ ಗೊತ್ತಿದ್ದೂ ನಾನು ಆ ಆರು ಪುಟದಲ್ಲಿ ಸೈಕಲ್ಲಿನ ಬೆಲೆಯನ್ನು ದಾಟಿ ಮುಂದಕ್ಕೆ ಓದಲಾರದೆ ಸುಮಾರು ಹೊತ್ತು ಕೂತೆ.

ನಮ್ಮ ಕಡೆ ಸತ್ತವರನ್ನು ಹೊಲದಲ್ಲೇ ಮಣ್ಣು ಮಾಡುತ್ತೇವೆ. ದೊಡ್ಡಪ್ಪನ ಸಮಾಧಿ ಆ 4 ಎಕರೆ 12 ಗುಂಟೆಯ ಒಳಗಿದೆ. ಈಗ ಅದರ ಸುತ್ತ ಅಡಿಕೆ ತೋಟ, ತಂತಿ ಬೇಲಿ, ಗೇಟಿಗೆ ಬೀಗ. ಅಪ್ಪನ ಮಣ್ಣಿಗೆ ಬಂದಿದ್ದ ಅಣ್ಣ ಎಲ್ಲ ಮುಗಿದ ಮೇಲೆ ತೋಟದ ಆಳಿನ ಹತ್ತಿರ ಹೋಗಿ, ಬೀಗದಕೈ ಸ್ವಲ್ಪ ಕೊಡ್ತೀಯೇನಪ್ಪ, ಅಪ್ಪನ್ನ ನೋಡಿ ಬರ್ತೀನಿ ಅಂದಿದ್ದನ್ನು ನಾನು ಜಗಲಿಯ ಮೇಲೆ ಕೂತು ಕೇಳಿಸಿಕೊಂಡೆ. ಆ ಪತ್ರದಲ್ಲಿ ನಾಲ್ಕೂ ದಿಕ್ಕಿನ ಚಕ್ಕುಬಂದಿ ಇದೆ, ಎರಡು ಬೇವಿನ ಮರ, ಹಾಳುಬಾವಿ, ಬದುವಿನ ಕಲ್ಲು ಎಲ್ಲ ಇದೆ. ಸಮಾಧಿ ಮಾತ್ರ ಇಲ್ಲ.

ಹೋಲಿಕೆ ಪೂರ್ತಿ ಕೂಡುವುದಿಲ್ಲ, ಗೊತ್ತು. ಅಣ್ಣ ಉರ್ಹಿ-ತೆಶುಬ್ ಅಲ್ಲ, ಯಾವ ಸಂಚೂ ಮಾಡಲಿಲ್ಲ. ಅವನು ಹೆಚ್ಚು ಕಮ್ಮಿ ಕುರುಂಟನ ಹಾಗೆ.

ಕುರುಂಟ ಅಂದರೆ ಮುವತಾಲಿಯ ಇನ್ನೊಬ್ಬ ಮಗ. ಬದುಕಿದ್ದಾಗಲೇ ಮುವತಾಲಿ ಅವನನ್ನು ಸಾಕಲು ತಮ್ಮನ ಕೈಗೆ ಒಪ್ಪಿಸಿದ್ದ. ಹಟ್ಟುಸಿಲಿ ಸಾಕಿದ, ದೊರೆಯಾದ ಮೇಲೆ ದಕ್ಷಿಣದ ತರ್ಹುಂಟಸ್ಸ ಸೀಮೆಗೆ ರಾಜನನ್ನಾಗಿಯೂ ಮಾಡಿದ. ಹಟ್ಟುಸಿಲಿಯ ಮಗ ತುಧಾಲಿಯ ಪಟ್ಟಕ್ಕೆ ಬಂದಾಗ ಈ ದಾಯಾದಿಯ ಜೊತೆ ಹೊಸದಾಗಿ ಪತ್ರ ಮಾಡಿಕೊಂಡ. ಅದು 1986ರಲ್ಲಿ ಹಟ್ಟುಸದಲ್ಲಿ ಅಗೆಯುವಾಗ ಇಡಿಯಾಗಿ ಸಿಕ್ಕಿತು. ನಮ್ಮ ಪತ್ರ ನೋಂದಣಿಯಾದ ವರ್ಷವೇ, ಆದರೆ ಅದು ಕಾಕತಾಳೀಯ, ಅದರಿಂದ ಏನೂ ಸಿದ್ಧವಾಗುವುದಿಲ್ಲ. ಸುಮಾರು 5 ಕಿಲೋ ತೂಕದ ಕಂಚಿನ ಹಲಗೆ, ನೇತುಹಾಕಲು ಸರಪಳಿ, ಎರಡೂ ಬದಿಗೆ ಸೇರಿ ಸುಮಾರು 350 ಸಾಲು. ಈಗ ಅಂಕಾರಾದ ಮ್ಯೂಸಿಯಮ್ಮಿನಲ್ಲಿದೆ. ಅದನ್ನು ನಾನು ನೋಡಿಲ್ಲ, ಅನುವಾದ ಓದಿದ್ದೇನೆ. ಅಪ್ಪ ಇದ್ದಿದ್ದರೆ ಓದಿ ಹೇಳಬಹುದಿತ್ತು, ತುಂಬಾ ಖುಷಿಪಡೋರು. ಯಾಕಂದ್ರೆ ಅದರ ಮೊದಲ ಭಾಗವೆಲ್ಲ ಶುದ್ಧ ಚಕ್ಕುಬಂದಿ. ಇಂಥ ಊರಿನ ಕಡೆಯಿಂದ ಇಂಥ ಬೆಟ್ಟ ಗಡಿ, ಬೆಟ್ಟ ಯಾರಿಗೆ, ತಪ್ಪಲಿನ ಹಳ್ಳಿ ಯಾರಿಗೆ, ಉಪ್ಪು ನೆಕ್ಕುವ ನೆಲ ಯಾರಿಗೆ, ಪರ್ಹ ಪಟ್ಟಣದ ಕಡೆ ಕಸ್ತರಾಯ ಹೊಳೆ ಗಡಿ. ಏಳು ಪ್ರತಿ ಮಾಡಿಸಿದೆ, ಇಂತಿಂಥ ದೇವರ ಮುಂದೆ ಒಂದೊಂದು, ಅರಮನೆಯಲ್ಲಿ ಒಂದು, ಕುರುಂಟನ ಮನೆಯಲ್ಲಿ ಒಂದು. ಸಾಕ್ಷಿಗಳ ಹೆಸರು. ಬರೆದವನ ಹೆಸರು ಕೂಡ ಇದೆ: ಲುಪಕ್ಕಿಯ ಮಗ ಹಲ್ವಜಿತಿ. ಬಿಕ್ಕಲಂ!

ಈ ತುಧಾಲಿಯ ವಿಚಿತ್ರ ಮನುಷ್ಯ. ಅಮುರ್ರು ಎಂಬ ಸೀಮೆಯ ರಾಜನಿಗೆ ತಂಗಿಯನ್ನು ಕೊಟ್ಟು ಒಂದು ಒಪ್ಪಂದ ಮಾಡಿಕೊಳ್ಳುತ್ತಾನೆ. ಅದರಲ್ಲಿ ನಿಯತ್ತಿಲ್ಲದವನಿಗೆ ಉದಾಹರಣೆಯಾಗಿ ಮಸ್ತೂರಿ ಅನ್ನುವ ಸಾಮಂತನ ಹೆಸರು ಹೇಳುತ್ತಾನೆ. ಮುವತಾಲಿ ಈ ಮಸ್ತೂರಿಗೆ ತನ್ನ ತಂಗಿಯನ್ನು ಕೊಟ್ಟು ಕೈ ಹಿಡಿದಿದ್ದ, ಆದರೂ ಮುವತಾಲಿ ಸತ್ತ ಮೇಲೆ ಮಸ್ತೂರಿ ಅವನ ಮಗ ಉರ್ಹಿ-ತೆಶುಬ್‌ನನ್ನು ಕಾಪಾಡಲಿಲ್ಲ, ನನ್ನ ಅಪ್ಪನ ಕಡೆ ಸೇರಿಕೊಂಡ, ನೀನು ಹಾಗೆ ಮಾಡಬೇಡ ಅಂತ. ಸ್ವಲ್ಪ ನಿಂತು ಯೋಚನೆ ಮಾಡಿ. ಅಂದು ಮಸ್ತೂರಿಯಂಥವರು ನಿಯತ್ತು ಬಿಡದೇ ಇದ್ದಿದ್ದರೆ ಈ ತುಧಾಲಿಯನಿಗೆ ಸಿಂಹಾಸನವೇ ಇರುತ್ತಿರಲಿಲ್ಲ. ಅಪ್ಪ ನೂರಾರು ಸಾಲಿನಲ್ಲಿ ಸಮರ್ಥಿಸಿಕೊಂಡದ್ದನ್ನು ಮಗ, ಅಪ್ಪ ಕೊಟ್ಟ ಕುರ್ಚಿಯ ಮೇಲೆ ಕೂತೇ, ಎರಡು ಸಾಲಿನಲ್ಲಿ ತಪ್ಪು ಅಂತ ಬರೆಸಿಬಿಟ್ಟ. ಕುರ್ಚಿ ಬಿಟ್ಟು ಏಳಲಿಲ್ಲ. ಅವನನ್ನು ಹೀಗೆ ಆಡಿಕೊಳ್ಳುವ ಹೊತ್ತಿಗೆ ನಾನು ಇದನ್ನು ಬರೆಯುತ್ತಿರುವ ಮನೆಯ ಸಾಲ ತೀರಿದ್ದು ಆ ಅಡಿಕೆಯಿಂದಲೇ ಅನ್ನೋದನ್ನೂ ಹೇಳಬೇಕು.

ಕಂಚಿನ ಹಲಗೆಯಲ್ಲಿ ಒಂದು ಸಣ್ಣ ಷರತ್ತಿದೆ. ಕುರುಂಟನ ಸೀಮೆಯ ಹತ್ತಿರ ಶಾಶ್ವತ ಬಂಡೆ ಅಂತ ಕರೆಯುವ ಒಂದು ಗುಡಿ ಇತ್ತು. ಅದು ಮುವತಾಲಿಯ ಸ್ಮಾರಕವಿರಬೇಕೆಂದು ವಿದ್ವಾಂಸರ ಊಹೆ. ಕುರುಂಟ ಅದರ ಹತ್ತಿರ ಸುಳಿಯಬಾರದು ಅಂತ ಒಬ್ಬ ದರಬಾರಿನವನು ಹಟ್ಟುಸಿಲಿಯ ಕಿವಿಗೆ ಊದಿ, ಹಾಗೇ ಒಂದು ಪತ್ರವನ್ನೂ ಮಾಡಿಸಿಕೊಂಡಿದ್ದ. ತುಧಾಲಿಯ ಬರೆಸುತ್ತಾನೆ: ದೇವಸ್ಥಾನದೊಳಗೆ ಏನು ಬರೆದಿದೆ ಅನ್ನೋದು ಆಗ ನನ್ನ ಅಪ್ಪನಿಗೆ ಗೊತ್ತಿರಲಿಲ್ಲ, ತಿಳಿದ ಮೇಲೆ ಅವರೇ ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡರು, ನಾನೂ ಜನ ಕಳಿಸಿ ನೋಡಿಸಿದೆ, ಆ ಬಂಡೆಯನ್ನು ಕುರುಂಟನಿಂದ ಎಂದಿಗೂ ತಪ್ಪಿಸತಕ್ಕದ್ದಲ್ಲ. ಆ ಹಳೆಯ ಪತ್ರವನ್ನು ಮುಂದೆ ಯಾರಾದರೂ ತಂದು ತೋರಿಸಿದರೆ ಒಪ್ಪಿಕೊಳ್ಳತಕ್ಕದ್ದಲ್ಲ. ಅಪ್ಪನ ಮಾನವನ್ನೂ ಉಳಿಸಿ, ಅಪ್ಪ ಮಾಡಿದ ಪತ್ರವನ್ನೂ ರದ್ದು ಮಾಡಿದ ರೀತಿ ಇದು. ಹಲ್ವಜಿತಿ ಕರಡು ಚೆನ್ನಾಗಿ ಹಾಕಿದ್ದಾನೆ.

ಹೋದ ತಿಂಗಳು ಸರ್ವೆಯವರ ಹತ್ತಿರ 11ಇ ನಕ್ಷೆಗೆ ಅರ್ಜಿ ಹಾಕಿ ಬಂದೆ. ಎಷ್ಟು ಬಿಟ್ಟುಕೊಡುವುದು ಅನ್ನೋದರ ಬಗ್ಗೆ ಮನೆಯಲ್ಲಿ ಮಾತು ನಡೆದಿದೆ, ಹೆಂಡತಿಯದು ಒಂದು ಲೆಕ್ಕ, ಅಕ್ಕನದು ಒಂದು ಲೆಕ್ಕ, ನನ್ನದು ಇನ್ನೂ ಒಂದು ನಿಂತಿಲ್ಲ. ಅಣ್ಣನಿಗೆ ಫೋನು ಮಾಡಿದಾಗ, "ಅವೆಲ್ಲ ಈಗ ಯಾಕೋ, ಬೀಗದಕೈ ಆಳಿನ ಹತ್ರ ಇರುತ್ತಲ್ಲ" ಅಂದ. ಪತ್ರದ ಕರಡು ನಾನೇ ಬರೆಯುತ್ತಿದ್ದೇನೆ, ಕೈಯಲ್ಲೇ. ಅಪ್ಪನ ಅಕ್ಷರ ನನಗೆ ಬಂದಿಲ್ಲ. ಒಂದು ಪುಟ ಆಗಿದೆ. ಪೂರ್ವಕ್ಕೆ ಅಡಿಕೆ ತೋಟ, ಪಶ್ಚಿಮಕ್ಕೆ ಸರ್ಕಾರಿ ಹಳ್ಳ, ಉತ್ತರಕ್ಕೆ ಬಂಡಿದಾರಿ, ದಕ್ಷಿಣಕ್ಕೆ ಎರಡು ಬೇವಿನ ಮರ, ಇದರ ಮಧ್ಯೆ ದೊಡ್ಡಪ್ಪನ ಸಮಾಧಿ.